ವಾರ್ಸಾದಿಂದ, ಪುಟ್ಟಿ ಓಟದ ವಿಷಯ

ಪ್ರೀತಿಯ ಅಪ್ಪ, ಅಮ್ಮ,

ನಾನು ಚೆನ್ನಾಗಿದೀನಿ. ಇಲ್ಲಿ ಚಳಿ ಶುರುವಾಗಿದೆ, ನಾಲ್ಕೂವರೆಗೆಲ್ಲಾ ಕತ್ತಲು. ಅಮ್ಮ ಫೋನಲ್ಲಿ ಹೇಳಿದಾಗಿಂದ ಪುಟ್ಟಿದೇ ಯೋಚನೆ ಆಗಿದೆ ನಂಗೆ. ರಿಲೇಲಿ ಬ್ಯಾಟನ್ ಬಿತ್ತು ಅಂತ ಗ್ರೌಂಡ್ ಕಡೆಗೇ ಹೋಗ್ತಿಲ್ವಂತೆ, ಅಪ್ಪನೂ ಹೋಗ್ಲಿ ಬಿಡು, ಪಿಯುಸಿ ಓದ್ಕೊಳ್ಳಲಿ ಅಂದ್ರಂತೆ. ಅಪ್ಪ, ಅದಕ್ಕೇ ಬರೀತಿದೀನಿ, ಓದಿ ಆಮೇಲೆ ಅವಳಿಗೂ ಕೊಡಿ.

ನವೆಂಬರ್ 1ಕ್ಕೆ ಇಲ್ಲಿ ಊರಿಗೆ ಊರೇ ಸ್ಮಶಾನಕ್ಕೆ ಹೋಗುತ್ತೆ, ನಮ್ಮ ಪಿತೃಪಕ್ಷದ ಥರ. ಸಮಾಧಿ ಮೇಲೆ ಸೇವಂತಿಗೆ ಕುಂಡ ಇಟ್ಟು ಗಾಜಿನ ದೀಪ ಹಚ್ತಾರೆ. ಆಫೀಸಿನ ಗೆಳತಿ ಪೊವಾಂಜ್ಕಿ ಮಿಲಿಟರಿ ಸ್ಮಶಾನಕ್ಕೆ ಕರ್ಕೊಂಡು ಹೋಗಿದ್ಲು, ಇರೇನಾ ಶೆವಿನ್ಸ್ಕಾ ಸಮಾಧಿ ಇರೋದು ಅಲ್ಲೇ. 2018ರಲ್ಲಿ ತೀರ್ಕೊಂಡ್ರು. ಪೋಲೆಂಡಿನ ಓಟದ ರಾಣಿ ಅವರು, ಅವರ ಬಗ್ಗೆ ಸಿಕ್ಕಿದ್ದೆಲ್ಲಾ ಓದ್ತಾ ಕೂತಿದೀನಿ.

1964ರಲ್ಲಿ ಟೋಕಿಯೋ ಒಲಿಂಪಿಕ್ಸ್‌ಗೆ ಹೋದಾಗ ಬರೀ 18 ವರ್ಷ, ಪುಟ್ಟಿಗಿಂತ ಒಂದು ವರ್ಷ ದೊಡ್ಡವಳು ಅಷ್ಟೇ. 200 ಮೀಟರ್‌ನಲ್ಲಿ ಬೆಳ್ಳಿ, ಲಾಂಗ್ ಜಂಪ್‌ನಲ್ಲಿ ಬೆಳ್ಳಿ, 4x100 ರಿಲೇಲಿ ಚಿನ್ನ. ರಿಲೇಲಿ ಎರಡನೇ ಲೆಗ್, ಅಂದ್ರೆ ನಾಲ್ಕು ಜನರಲ್ಲಿ ಎರಡನೇ ಸರದಿ, ಓಡಿದ್ದು, ಪುಟ್ಟಿ ಓಡೋ ಜಾಗನೇ. ಎರಡನೇ ಲೆಗ್ ಅಂದ್ರೆ ಬ್ಯಾಟನ್ ತಗೋಬೇಕು, ಕೊಡಲೂ ಬೇಕು, ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚಿ ಪೂರ್ತಿ ಸ್ಪೀಡಲ್ಲಿ ಓಡ್ತಾನೇ ಹಿಡೀಬೇಕು, ಸ್ವಲ್ಪ ಬೇಗ ಹೊರಟರೂ ಕಷ್ಟ, ತಡ ಆದ್ರೂ ಕಷ್ಟ. ಅವತ್ತು ಕೊನೇ ಲೆಗ್ ಓಡಿದ ಏವಾ ಕ್ವೊಬುಕೋವ್‌ಸ್ಕಾಗೆ 1967ರಲ್ಲಿ ಕ್ರೋಮೋಸೋಮ್ ಟೆಸ್ಟ್ ಮಾಡಿ ನೀನು ಹೆಂಗಸರ ಜೊತೆ ಓಡೋ ಹಾಗಿಲ್ಲ ಅಂದ್ಬಿಟ್ರು, ರಿಲೇ ವಿಶ್ವದಾಖಲೆಯನ್ನೂ ಪಟ್ಟಿಯಿಂದ ತೆಗೆದ್ರು. ಪದಕ ಮಾತ್ರ ಉಳೀತು. ಓದಿ ಹೊಟ್ಟೆ ಉರೀತು ನಂಗೆ.

ಈಗ ಪುಟ್ಟಿಗೆ ಬೇಕಾಗಿರೋದು. 1968, ಮೆಕ್ಸಿಕೋ. ಇರೇನಾ 200 ಮೀಟರ್‌ನಲ್ಲಿ ವಿಶ್ವದಾಖಲೆ ಮಾಡಿ ಚಿನ್ನ ಗೆದ್ರು, 100ರಲ್ಲಿ ಕಂಚು. ಆಮೇಲೆ ಅದೇ ಒಲಿಂಪಿಕ್ಸ್‌ನ ರಿಲೇಲಿ ಬ್ಯಾಟನ್ ಬಿದ್ದೋಯ್ತು, ಪೋಲೆಂಡ್ ಟೀಮು ಫೈನಲ್‌ಗೇ ಹೋಗ್ಲಿಲ್ಲ. ಪ್ರಪಂಚದಲ್ಲೇ ಫಾಸ್ಟ್ ಓಡ್ತಿದ್ದವರ ಕೈಯಿಂದ್ಲೂ ಬಿತ್ತಲ್ಲಾ ಪುಟ್ಟಿ!

ಅಲ್ಲಿಗೆ ಬಿಟ್ಟಿದ್ರೂ ಯಾರೂ ಏನೂ ಅಂತಿರಲಿಲ್ಲ. 1970ರಲ್ಲಿ ಮಗ ಹುಟ್ಟಿದ, 1972ರ ಮ್ಯೂನಿಕ್‌ನಲ್ಲಿ 200ರಲ್ಲಿ ಕಂಚು. ನಂಗೆ ತುಂಬಾ ಇಷ್ಟ ಆಗಿದ್ದು ಅದಾದ ಮೇಲಿಂದು. ಅಲ್ಲೀವರೆಗೂ 100, 200 ಓಡ್ತಿದ್ದವರು 400ಕ್ಕೆ ಕೈ ಹಾಕಿದ್ರು, ಅದರಲ್ಲಿ ಕೊನೇ ನೂರು ಮೀಟರ್ ಹೇಗಿರುತ್ತೆ ಅಂತ ಪುಟ್ಟಿನೇ ಹೇಳ್ತಾಳೆ ಕೇಳಿ, ಕಾಲು ಕಲ್ಲಾಗುತ್ತೆ. 1974ರಲ್ಲಿ ಇದೇ ವಾರ್ಸಾದಲ್ಲಿ 49.9 ಸೆಕೆಂಡಲ್ಲಿ ಓಡಿದ್ರು, 50 ಸೆಕೆಂಡಿಗಿಂತ ಕಮ್ಮಿ ಓಡಿದ ಮೊದಲನೇ ಹೆಣ್ಣು ಅವರೇ. 1976ರ ಮಾಂಟ್ರಿಯಲ್‌ನಲ್ಲಿ 30 ವರ್ಷ ವಯಸ್ಸು, ಎರಡನೇವಳಿಗಿಂತ ಒಂದು ಸೆಕೆಂಡಿಗೂ ಹೆಚ್ಚು ಮುಂದೆ, ಇನ್ನೊಂದು ವಿಶ್ವದಾಖಲೆ, ಚಿನ್ನ. ಆ ಟೈಮನ್ನ ಪೋಲೆಂಡ್‌ನವರೇ ಯಾರಾದ್ರೂ ಮುರಿಯೋಕೆ 2024 ಬರಬೇಕಾಯ್ತು, ರೋಮ್‌ನಲ್ಲಿ ನಟಾಲಿಯಾ ಕಾಚ್ಮಾರೆಕ್ ಮುರಿದಳು.

ಕೊನೇದು 1980ರ ಮಾಸ್ಕೋ, ಐದನೇ ಒಲಿಂಪಿಕ್ಸ್, ಸೆಮಿಫೈನಲ್‌ನಲ್ಲಿ ಗಾಯ ಆಗಿ ಮುಗೀತು. ನಮ್ಮ ಪಿ.ಟಿ. ಉಷಾಗೆ ಅದೇ ಮೊದಲನೇದು. ಒಟ್ಟು ಏಳು ಪದಕ, ಅದರಲ್ಲಿ ಎರಡು ಬಂದಿದ್ದು ಮೆಕ್ಸಿಕೋದಲ್ಲಿ ಬ್ಯಾಟನ್ ಬಿದ್ದ ಮೇಲೆ.

ಅಪ್ಪ, ಓದು ಬಿಟ್ಟು ಓಡಲಿ ಅಂತಿಲ್ಲ ನಾನು. ಬೆಳಿಗ್ಗೆ ಒಂದೂವರೆ ಗಂಟೆ ಗ್ರೌಂಡಿಗೆ ಹೋಗಿ ಬಂದ್ರೆ ಪಿಯುಸಿ ಏನೂ ಹಾಳಾಗಲ್ಲ, ನೀವೇ ಮೊದಲಿನ ಥರ ಸ್ಕೂಟರಲ್ಲಿ ಬಿಟ್ಟು ಬನ್ನಿ, ಬೇರೆ ಯಾರು ಹೇಳಿದ್ರೂ ಅವಳು ಕೇಳಲ್ಲ. ಡಿಸೆಂಬರ್‌ಗೆ ಇಲ್ಲಿಂದ ಫ್ರೆಂಡ್ ಒಬ್ರು ಬೆಂಗಳೂರಿಗೆ ಬರ್ತಿದಾರೆ, ಸ್ಪೈಕ್ಸ್ ಕಳಿಸ್ತೀನಿ. ಅಮ್ಮ, ಅವಳ ಪಾದ ಪೇಪರ್ ಮೇಲೆ ಇಡಿಸಿ ಪೆನ್ನಲ್ಲಿ ಗೆರೆ ಎಳೆದು ಅಳತೆ ವಾಟ್ಸಾಪ್ ಮಾಡು, ಎರಡೂ ಪಾದದ್ದು.

ನಿಮ್ಮ,
ಸುಮಾ