ಟೇಬಲ್ ಎಣಿಸಿ ಶುಲ್ಕ ಹಾಕಿ: ಅಬಕಾರಿ ಸಚಿವರಿಗೆ ಹಳೇ ಬಾರ್ ಕ್ಯಾಪ್ಟನ್ ಒಬ್ಬನ ಬಹಿರಂಗ ಪತ್ರ

ಮಾನ್ಯ ಅಬಕಾರಿ ಸಚಿವರಿಗೆ ನಮಸ್ಕಾರಗಳು.

ಬೆಂಗಳೂರಿನ ಬ್ರಿಗೇಡ್ ರಸ್ತೆಯ ಹಿಂದಿನ ಗಲ್ಲಿಯಲ್ಲಿದ್ದ ಒಂದು ಸಣ್ಣ ಬಾರಿನಲ್ಲಿ ನಾನು ಕೆಲಸ ಮಾಡುತ್ತಿದ್ದೆ. 1988ರಲ್ಲಿ ಕುಂದಾಪುರದ ಕಡೆಯಿಂದ ಬಂದು ಲೋಟ ತೊಳೆಯಲು ಸೇರಿದೆ. ಆಮೇಲೆ ಸಪ್ಲೈಯರ್ ಆದೆ, ಕೊನೆಗೆ ಕ್ಯಾಪ್ಟನ್. 2025ರ ಜೂನ್ 30ಕ್ಕೆ ಆ ಬಾರು ಮುಚ್ಚಿತು. ಗಿರಾಕಿ ಇಲ್ಲದೆ ಮುಚ್ಚಿದ್ದಲ್ಲ. ಶನಿವಾರ ಸಂಜೆ ಬಂದವರಿಗೆ ಕೂರಲು ಜಾಗ ಸಿಗುತ್ತಿರಲಿಲ್ಲ. ಆದರೆ ಲೈಸೆನ್ಸ್ ಶುಲ್ಕ ಕಟ್ಟಿ, ಬಾಡಿಗೆ ಕೊಟ್ಟು, ಹುಡುಗರ ಸಂಬಳ ಕಳೆದರೆ ನಮ್ಮ ಧಣಿಗಳ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಜುಲೈ 1ರಿಂದ ಹೊಸ ಅಬಕಾರಿ ವರ್ಷ. ಈ ಸಲ ಕಟ್ಟಲು ನನ್ನಿಂದಾಗಲ್ಲ ಅಂದುಬಿಟ್ಟರು.

ನನ್ನ ಬೇಡಿಕೆ ಒಂದೇ. ಬಾರಿನ ಅಳತೆ ನೋಡಿ ಶುಲ್ಕ ಹಾಕಿ. ಟೇಬಲ್ ಎಣಿಸಿ ಶುಲ್ಕ ಹಾಕಿ.

ನಿಯಮ ತಮಗೆ ನನಗಿಂತ ಚೆನ್ನಾಗಿ ಗೊತ್ತು. 1968ರ ಅಬಕಾರಿ ನಿಯಮಗಳ ಪ್ರಕಾರ ಸಿಎಲ್-9, ಅಂದರೆ ಬಾರ್ ಅಂಡ್ ರೆಸ್ಟೋರೆಂಟ್ ಲೈಸೆನ್ಸಿನ ಶುಲ್ಕ ನಿಗದಿಯಾಗುವುದು ಊರಿನ ಜನಸಂಖ್ಯೆ ಮೇಲೆ. ಬೆಂಗಳೂರು ಅಂದರೆ ಮುಗಿಯಿತು, ಎಲ್ಲರಿಗೂ ಒಂದೇ ಮೂಲ ಶುಲ್ಕ. ನಮ್ಮ ಹಾಗೆ ಎಂಟು ಟೇಬಲ್ ಇಟ್ಟುಕೊಂಡವನಿಗೂ ಅಷ್ಟೇ, ಮೂರು ಮಹಡಿ ತುಂಬ ಜನ ಕೂರಿಸುವವನಿಗೂ ಅಷ್ಟೇ. ಹತ್ತು ಜನರ ಮನೆಗೂ ಕಲ್ಯಾಣ ಮಂಟಪಕ್ಕೂ ಒಂದೇ ಬಾಡಿಗೆ ಕೇಳಿದ ಹಾಗಾಯಿತು ಇದು. ಅದರ ಮೇಲೆ 2025ರಲ್ಲಿ ಶುಲ್ಕವನ್ನು ದುಪ್ಪಟ್ಟು ಮಾಡುವ ಕರಡು ಬೇರೆ ಬಂತು. ದೊಡ್ಡವರು ಸಂಘ ಕಟ್ಟಿಕೊಂಡು ವಿಧಾನಸೌಧಕ್ಕೆ ಬಂದು ಮಾತಾಡುತ್ತಾರೆ. ನಮ್ಮ ಧಣಿಗಳಿಗೆ ಅಂಗಡಿ ಬಿಟ್ಟು ಬರಲು ಪುರುಸೊತ್ತು ಎಲ್ಲಿತ್ತು?

ಆ ಬೀದಿ ಹೇಗಿತ್ತು ಅಂತ ಸ್ವಲ್ಪ ಹೇಳುತ್ತೇನೆ, ದಯವಿಟ್ಟು ಓದಿ. ಬ್ರಿಗೇಡ್ ರಸ್ತೆ ಇರುವ ದಂಡು ಪ್ರದೇಶ (ಕಂಟೋನ್ಮೆಂಟ್) 1949ರವರೆಗೆ ಬೇರೆಯೇ ಊರು, ಅದಕ್ಕೆ ಬೇರೆಯೇ ಮುನಿಸಿಪಾಲಿಟಿ. ಆಮೇಲೆ ಬೆಂಗಳೂರು ನಗರಕ್ಕೆ ಸೇರಿತು. ನಾನು ಬರುವ ಹೊತ್ತಿಗೆ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟ್, ರೆಸಿಡೆನ್ಸಿ ರಸ್ತೆಗಳಲ್ಲಿ ಪಬ್‌ಗಳು ಒಂದರ ಹಿಂದೆ ಒಂದು ತೆರೆಯುತ್ತಿದ್ದವು. ದೇಶದಲ್ಲೆಲ್ಲ ಬೆಂಗಳೂರಿಗೆ ‘ಪಬ್ ಸಿಟಿ’ ಅಂತ ಹೆಸರು ಬಂದದ್ದು ಆಗಲೇ. ಚರ್ಚ್ ಸ್ಟ್ರೀಟಿನ ‘ನಾಸಾ’ ಒಳಗೆ ಹೋದರೆ ಅಂತರಿಕ್ಷ ನೌಕೆಯೊಳಗೆ ಹೊಕ್ಕ ಹಾಗಿರುತ್ತಿತ್ತು. ರೆಸಿಡೆನ್ಸಿ ರಸ್ತೆಯಲ್ಲಿ ‘ಪಬ್ ವರ್ಲ್ಡ್’ ಇತ್ತು. ರೆಸ್ಟ್ ಹೌಸ್ ರಸ್ತೆಯ ‘ಪೆಕೋಸ್’ 1989ರದ್ದು. ಇವೆಲ್ಲಕ್ಕಿಂತ ಹಳೆಯದು ಬಂಬೂ ಬಜಾರಿನ ‘ಡ್ಯೂವರ್ಸ್’, 1933ರಲ್ಲಿ ಶುರುವಾದದ್ದು. ನನಗೆ ರಜೆ ಸಿಕ್ಕಿದ ದಿನ ಅಲ್ಲಿಗೆ ಹೋಗಿ ಬೆತ್ತದ ಕುರ್ಚಿಯಲ್ಲಿ ಸುಮ್ನೆ ಕೂರುತ್ತಿದ್ದೆ. ಅದೂ ಈಗಿಲ್ಲ.

ನಮ್ಮದು ಅಷ್ಟು ಹೆಸರಿನದ್ದಲ್ಲ. ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕು. ಒಳಗೆ ಬಲಗಡೆ ಗೋಡೆಗೆ ಕ್ಯಾಸೆಟ್ಟುಗಳ ಹಲಗೆ. ಯಾವ ಹಾಡು ಯಾವ ಕ್ಯಾಸೆಟ್ಟಿನ ಯಾವ ಬದಿಯಲ್ಲಿದೆ ಅಂತ ನನಗೆ ಕತ್ತಲಲ್ಲೂ ಗೊತ್ತಿತ್ತು. ಮಗ್ ಬಿಯರ್ ಜೊತೆ ಪಾಪ್‌ಕಾರ್ನ್ ಬಿಟ್ಟಿ. ಮಸಾಲೆ ಕಡಲೇಬೀಜಕ್ಕೆ ಈರುಳ್ಳಿ, ಹಸಿಮೆಣಸು ಹೆಚ್ಚಿ ಹಾಕಿ ನಿಂಬೆಹಣ್ಣು ಹಿಂಡುವುದು ಟೇಬಲ್ ಮುಂದೆಯೇ. ಹಿಂದೆಯೇ ಹಿಂಡಿ ಇಟ್ಟರೆ ಬೀಜ ಮೆತ್ತಗಾಗುತ್ತದೆ, ಅದಕ್ಕೆ. ಸಂಜೆ ಆರಕ್ಕೆ ಬ್ಯಾಂಕಿನವರು, ಎಲ್ಐಸಿಯವರು. ಏಳಕ್ಕೆ ಪ್ರೆಸ್ಸಿನವರು. ಶಿಫ್ಟು ಮುಗಿಸಿದ ಎಚ್ಎಎಲ್, ಐಟಿಐ ನೌಕರರು. ರೆಕ್ಸ್ ಟಾಕೀಸಿನ ಮ್ಯಾಟ್ನಿ ಬಿಟ್ಟ ಮೇಲೆ ಕಾಲೇಜು ಹುಡುಗರು. ಇಬ್ಬರ ನಡುವೆ ಒಂದು ಜಗ್ ಬಿಯರ್ ಇಟ್ಟುಕೊಂಡು ಎರಡು ತಾಸು ಕೂತರೂ ಯಾರೂ ಎಬ್ಬಿಸುತ್ತಿರಲಿಲ್ಲ. ಮಗಳ ಮದುವೆ ಗೊತ್ತಾದರೆ ಮೊದಲ ಲಗ್ನಪತ್ರಿಕೆ ನಮ್ಮ ಕೌಂಟರಿಗೆ ಬರುತ್ತಿತ್ತು.

ಸುತ್ತ ಇದ್ದವು ಒಂದೊಂದೇ ಹೋದವು. ಪ್ಲಾಜಾ ಟಾಕೀಸು 2005ರಲ್ಲಿ ನಿಂತಿತು. 2009ರಲ್ಲಿ ಇಂಡಿಯಾ ಕಾಫಿ ಹೌಸ್ ಎಂ.ಜಿ. ರಸ್ತೆಯ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಯಿತು. ಮೆಟ್ರೋಗಾಗಿ ಎಂ.ಜಿ. ರಸ್ತೆಯ ನೆರಳಿನ ಕಾಲುದಾರಿ ಅಗೆದರು. 2011ರಲ್ಲಿ ರೈಲು ಬಂತು, ಅದು ಒಳ್ಳೆಯದೇ, ನಾನೂ ಹತ್ತುತ್ತೇನೆ. 2018ರ ಕೊನೆಯ ದಿನ ರೆಕ್ಸ್ ಕೂಡ ಮುಚ್ಚಿತು. ಊರು ಬದಲಾಗಬಾರದು ಅಂತ ನಾನು ಹೇಳುವುದಿಲ್ಲ. ಟಾಕೀಸು ಹೋದದ್ದಕ್ಕೆ ತಮ್ಮನ್ನು ಹೊಣೆ ಮಾಡುವುದೂ ಇಲ್ಲ. ಆದರೆ ಸಣ್ಣ ಬಾರು ಹೋದದ್ದು ಕಾಲ ಬದಲಾಗಿ ಅಲ್ಲ, ತಮ್ಮ ಇಲಾಖೆಯ ಲೆಕ್ಕ ಬದಲಾಗದೆ.

1992ರಲ್ಲಿ ಸರ್ಕಾರ ಹೊಸ ಸಿಎಲ್-9 ಕೊಡುವುದನ್ನು ನಿಲ್ಲಿಸಿತು. ಹಾಗಾಗಿ ಹಳೇ ಲೈಸೆನ್ಸಿಗೆ ಚಿನ್ನದ ಬೆಲೆ. ಮಗ್ ಬಿಯರ್ ಮಾರಿ ಜೀವಮಾನದಲ್ಲಿ ಕಾಣದ ದುಡ್ಡು ಆ ಒಂದು ಕಾಗದ ವರ್ಗಾಯಿಸಿದರೆ ಬರುತ್ತದೆ. ಒಂದು ಕಡೆ ವರ್ಷವರ್ಷ ಶುಲ್ಕ ಹಿಂಡುತ್ತದೆ, ಇನ್ನೊಂದು ಕಡೆ ದಲ್ಲಾಳಿ ಬಂದು ಬಾಗಿಲಲ್ಲಿ ಕೂರುತ್ತಾನೆ. ಎಂಟು ಟೇಬಲ್ಲಿನವನು ಎಷ್ಟು ದಿನ ತಡೆದಾನು? ಲೈಸೆನ್ಸ್ ಇನ್ನೆಲ್ಲೋ ದೊಡ್ಡ ರಸ್ತೆಯ ದೊಡ್ಡ ಕಟ್ಟಡಕ್ಕೆ ಹೋಗುತ್ತದೆ. ಬೊಕ್ಕಸಕ್ಕೆ ನಷ್ಟ ಇಲ್ಲ, ಯಾಕೆಂದರೆ ಶುಲ್ಕ ಅಷ್ಟೇ ಬರುತ್ತದೆ. ಬೀದಿಗೆ ಮಾತ್ರ ಬಾರು ಇಲ್ಲ. ಬಳಕೆಯಾಗದೆ ಉಳಿದ ಲೈಸೆನ್ಸುಗಳನ್ನು ಹರಾಜು ಹಾಕುವ ತೀರ್ಮಾನವೂ ಆಯಿತು. ಹರಾಜಿನಲ್ಲಿ ಕೂಗುವ ತಾಕತ್ತು ನಮ್ಮಂಥವರಿಗೆ ಇದೆಯಾ, ಸ್ವಾಮಿ?

ಒಂದು ಘಟನೆ ಹೇಳಲೇಬೇಕು. ಇಷ್ಟು ವರ್ಷ ಆದರೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಪ್ರತಿ ಗುರುವಾರ ಕಾಕ್ಸ್ ಟೌನ್ ಕಡೆಯ ಒಬ್ಬ ಆಂಗ್ಲೋ ಇಂಡಿಯನ್ ಹಿರಿಯರು ನಮ್ಮಲ್ಲಿ ಗಿಟಾರ್ ನುಡಿಸುತ್ತಿದ್ದರು. ರೈಲ್ವೆಯಿಂದ ನಿವೃತ್ತರು. ಮೈಕ್ ಕೂಡ ಬೇಡ ಅನ್ನುತ್ತಿದ್ದರು. ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಲೈಸೆನ್ಸ್ ಬೇಕು ಅನ್ನುವ 2005ರ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಊರಿನ ಪಬ್‌ಗಳಲ್ಲಿ ಹಾಡು ನಿಂತಿತು. ಸರಿ, ಕಾನೂನು ಕಾನೂನೇ. ನಮ್ಮ ಧಣಿಗಳು ಅರ್ಜಿ ಹಿಡಿದು ಒಂದು ಕಚೇರಿಗೆ ಹೋದರು, ಜೊತೆಗೆ ನಾನೂ. ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು, ಮಂಡಿ ನೋವು. ಬೆಳಿಗ್ಗೆಯಿಂದ ನಿಲ್ಲಿಸಿದರು. ಕುರ್ಚಿ ಇತ್ತು, ಅದರ ಮೇಲೆ ಫೈಲು ಇತ್ತು. ಊಟದ ಹೊತ್ತು ಕಳೆದ ಮೇಲೆ ಒಳಗೆ ಕರೆದು ಕಟ್ಟಡದ ಓಸಿ, ಅಂದರೆ ವಾಸಯೋಗ್ಯ ಪ್ರಮಾಣಪತ್ರ, ಎಲ್ಲಿ ಅಂತ ಕೇಳಿದರು. ಅದು ಬ್ರಿಟಿಷರ ಕಾಲದ ಕಟ್ಟಡ. ಆಗ ಓಸಿ ಅನ್ನುವ ಕಾಗದವೇ ಇರಲಿಲ್ಲ ಅಂತ ಧಣಿಗಳು ವಿನಯವಾಗಿ ಹೇಳಿದರು. ಹಳೇ ಕಂದಾಯದ ರಸೀದಿಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಒಂದೊಂದಾಗಿ ಮೇಜಿನ ಮೇಲೆ ಇಟ್ಟರು. ಅಲ್ಲಿ ಕೂತವರು ಅದನ್ನು ಮುಟ್ಟಲೂ ಇಲ್ಲ. “ಹಾಗಾದ್ರೆ ಕಟ್ಟಡ ಕಟ್ಟಿದವರನ್ನೇ ಕರ್ಕೊಂಡು ಬನ್ನಿ” ಅಂದರು. ಪಕ್ಕದವರು ನಕ್ಕರು.

ಧಣಿಗಳು ರಸೀದಿಗಳನ್ನು ವಾಪಸ್ ಜೋಡಿಸಿ ಕವರಿಗೆ ಹಾಕುವಾಗ ಅವರ ಕೈ ನಡುಗುತ್ತಿತ್ತು. ಒಬ್ಬ ತೆರಿಗೆದಾರನಿಗೆ, ಅಷ್ಟು ವಯಸ್ಸಾದವರಿಗೆ ಹೀಗೆ ಮಾತಾಡುವುದಾ? ಗುರುವಾರದ ಗಿಟಾರ್ ಅಲ್ಲಿಗೆ ಮುಗಿಯಿತು. ನೂರಾರು ಜನ ಕುಣಿಯುವ ಜಾಗಕ್ಕೆ ಬೇಕಾದ ಕಾಗದವನ್ನೇ ಎಂಟು ಟೇಬಲ್ಲಿನ ಜಾಗಕ್ಕೂ ಕೇಳಿದರು. ಇಲ್ಲೂ ಅದೇ ತಪ್ಪು. ಅಳತೆ ನೋಡುವುದೇ ಇಲ್ಲ.

ಅದಕ್ಕೂ ಮೊದಲು 2017. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅನ್ನುವ ಸುಪ್ರೀಂ ಕೋರ್ಟ್ ಆದೇಶದಿಂದ ಜುಲೈ 1ಕ್ಕೆ ನಮ್ಮ ಇಡೀ ಬೀದಿ ಕತ್ತಲಾಯಿತು. ನಗರದ ಒಳಗಿನ ರಸ್ತೆಗಳಿಗೆ ಇದು ಅನ್ವಯಿಸುವುದಿಲ್ಲ ಅಂತ ಅದೇ ತಿಂಗಳು ಕೋರ್ಟ್ ಸ್ಪಷ್ಟ ಮಾಡಿತು. ಆದರೂ ಇಲಾಖೆ ಕೂಡಲೇ ಬಾಗಿಲು ತೆಗೆಸಲಿಲ್ಲ. ಸಂಬಳ ಇಲ್ಲ, ಟಿಪ್ಸ್ ಇಲ್ಲ. ಮಗಳ ಕಾಲೇಜು ಫೀಸಿಗೆ ಹೆಂಡತಿಯ ಬಳೆ ಅಡವಿಟ್ಟೆ. ಆಮೇಲೆ ಕೊರೊನಾ. 2020ರ ಮೇ ತಿಂಗಳಲ್ಲಿ ವೈನ್ ಸ್ಟೋರ್ ತೆರೆದಿರಿ, ನಮಗೆ ದಾಸ್ತಾನು ಪಾರ್ಸೆಲ್ ಕೊಡಲು ಮಾತ್ರ ಬಿಟ್ಟಿರಿ. ಕೂರಿಸಿ ಕೊಡಲು ಸೆಪ್ಟೆಂಬರ್ 1ರವರೆಗೆ ಕಾಯಬೇಕಾಯಿತು. ನಾನು ಊರಿಗೆ ಹೋಗಿ ಅಣ್ಣನ ಮನೆಯಲ್ಲಿ ಉಂಡೆ. ಆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಕುಡಿತದಿಂದ ಮನೆ ಹಾಳಾಗುತ್ತದೆ, ಬಾರು ಮುಚ್ಚಿದರೆ ಒಳ್ಳೆಯದೇ ಅಲ್ವಾ ಅಂತ ಕೇಳುವವರಿದ್ದಾರೆ. ಅವರ ನೋವು ನನಗೆ ಅರ್ಥವಾಗುತ್ತದೆ, ನಮ್ಮ ಮಾವನೇ ಹಾಗೆ ಹೋದರು. ಆದರೆ ಬಾರು ಮುಚ್ಚಿದ್ದರಿಂದ ಕುಡಿತ ನಿಂತಿಲ್ಲ. ವೈನ್ ಸ್ಟೋರಿನ ಮುಂದೆ, ಆಟೋ ಹಿಂದೆ, ಕಾರಿನೊಳಗೆ ಹೋಗಿದೆ. ಅಲ್ಲಿ ಸಾಕು ಅನ್ನುವವರು ಯಾರಿದ್ದಾರೆ? ನಾನು ಅನ್ನುತ್ತಿದ್ದೆ. ಜಾಸ್ತಿ ಆದವರಿಗೆ ಲೋಟ ಎತ್ತಿ ನೀರು ಇಡುತ್ತಿದ್ದೆ, ಗಾಡಿ ಕೀ ಕೌಂಟರಿಗೆ ಇಸಿದುಕೊಂಡು ಆಟೋ ಹತ್ತಿಸುತ್ತಿದ್ದೆ. ಮನೆಯವರು ಲ್ಯಾಂಡ್‌ಲೈನಿಗೆ ಫೋನ್ ಮಾಡಿ “ಹೊರಟ್ರಾ?” ಅಂತ ಕೇಳುತ್ತಿದ್ದರು. ಹೆಸರು ಹಿಡಿದು ಗಿರಾಕಿಯನ್ನು ಬಲ್ಲ ಜಾಗ ಅದು. 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಬಜೆಟ್ಟಿನಲ್ಲಿ ಗುರಿ ಇಟ್ಟಿರಿ. ಅಷ್ಟು ದೊಡ್ಡ ಗುರಿಯಲ್ಲಿ ಸಣ್ಣ ಬಾರುಗಳ ಶುಲ್ಕ ಇಳಿಸಿದರೆ ಎಷ್ಟು ಕಡಿಮೆಯಾದೀತು?

ಆದ್ದರಿಂದ ಮತ್ತೆ ಕೇಳುತ್ತೇನೆ. ಟೇಬಲ್ ಎಣಿಸಿ ಶುಲ್ಕ ಹಾಕಿ. ಸಿಎಲ್-9ರಲ್ಲೇ ಸಣ್ಣ ಬಾರು ಅಂತ ಒಂದು ದರ್ಜೆ ಮಾಡಿ. ಮೂವತ್ತು ವರ್ಷ ಒಂದೇ ಜಾಗದಲ್ಲಿ ನಡೆದ ಬಾರಿನ ಲೈಸೆನ್ಸ್ ಆ ಬೀದಿ ಬಿಟ್ಟು ಹೋಗದಂತೆ ಷರತ್ತು ಹಾಕಿ, ಅದಕ್ಕೆ ಬದಲಾಗಿ ಶುಲ್ಕದಲ್ಲಿ ರಿಯಾಯಿತಿ ಕೊಡಿ. ಇದಕ್ಕೆ ಹೊಸ ಕಾಯ್ದೆ ಬೇಡ, ಇರುವ ನಿಯಮಗಳಿಗೆ ತಿದ್ದುಪಡಿ ಸಾಕು. ಅಧಿಕಾರಿಗಳಿಗೆ ಹೇಳಿ, ಒಂದು ಸಂಜೆ ಬಂದು ಆ ಗಲ್ಲಿಗಳಲ್ಲಿ ನಡೆಯಲಿ. ಇನ್ನೂ ಬಾಗಿಲು ತೆರೆದಿರುವವರು ಬೆರಳೆಣಿಕೆಯಷ್ಟು. ಒಬ್ಬೊಬ್ಬರ ಮುಂದೆಯೂ ಜೂನ್ 30 ನಿಂತಿದೆ.

ನಮ್ಮ ಬಾರು ಇನ್ನು ತೆರೆಯುವುದಿಲ್ಲ, ಅದು ನನಗೆ ಗೊತ್ತು. ನಾನೀಗ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿ ಪಾಳಿ ಮಾಡುತ್ತೇನೆ. ನನಗಾಗಿ ಏನೂ ಕೇಳುತ್ತಿಲ್ಲ. ಉಳಿದವರಿಗಾಗಿ ಕೇಳುತ್ತಿದ್ದೇನೆ. ಮುಂದಿನ ನವೀಕರಣಕ್ಕೆ ಮೊದಲು, ಟೇಬಲ್ ಎಣಿಸಿ ಶುಲ್ಕ ಹಾಕಿ.

ಇಂತಿ ತಮ್ಮ ವಿಶ್ವಾಸಿ,
ದಂಡು ಪ್ರದೇಶದ ಒಬ್ಬ ಹಳೇ ಬಾರ್ ಕ್ಯಾಪ್ಟನ್