ಡೆಟ್ರಾಯಿಟ್‌ನ ಬೆಂಕಿಗೂ ಮುಂಚೆ ಅಲ್ಲೊಂದು ಗೋಡೆ ಇತ್ತು

ಸಂಪಾದಕರಿಗೆ ನಮಸ್ಕಾರ.

ಅಮೆರಿಕದ ಜನಾಂಗೀಯ ಗಲಭೆಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. 1967ರ ಡೆಟ್ರಾಯಿಟ್‌ಗೆ ಅದರಲ್ಲಿ ಸಿಕ್ಕಿದ್ದು ಒಂದೇ ಸಾಲು. ದೊಂಬಿ ಆಯಿತು, 43 ಜನ ಸತ್ತರು, ಸೇನೆ ಬಂದು ಹತೋಟಿಗೆ ತಂದಿತು, ಅಷ್ಟೇ. ನಾನು ಆ ಊರಿನ ಪಕ್ಕದಲ್ಲೇ, ಟ್ರಾಯ್‌ನಲ್ಲಿ, ಹದಿನೆಂಟು ವರ್ಷದಿಂದ ಇದ್ದೇನೆ. ಆ ಸಾಲಿನಲ್ಲಿ ಸುಳ್ಳೇನೂ ಇಲ್ಲ. ಆದರೆ ಅದನ್ನು ಓದಿದರೆ ಜನಕ್ಕೆ ಒಂದು ದಿನ ಸುಮ್ನೆ ತಲೆ ಕೆಟ್ಟು ತಮ್ಮ ಊರಿಗೆ ತಾವೇ ಬೆಂಕಿ ಇಟ್ಟರು ಅನ್ನಿಸುತ್ತದೆ, ಅಲ್ವಾ? ಅದಕ್ಕೇ ಈ ಪತ್ರ.

ಮೊದಲು ಒಂದು ಗೋಡೆಯ ವಿಷಯ ಹೇಳಬೇಕು. ಡೆಟ್ರಾಯಿಟ್‌ನ ಉತ್ತರದ ಗಡಿ ಅಂದರೆ ಏಯ್ಟ್ ಮೈಲ್ ರಸ್ತೆ. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಬಂದರೆ ಬರ್ವುಡ್ ಬೀದಿಯ ಮನೆಗಳ ಹಿತ್ತಲಲ್ಲಿ ಒಂದು ಕಾಂಕ್ರೀಟ್ ಗೋಡೆ ಸಿಗುತ್ತದೆ. ಆರಡಿ ಎತ್ತರ, ಒಂದಡಿ ದಪ್ಪ, ಸುಮಾರು ಅರ್ಧ ಮೈಲಿ ಉದ್ದ. ಕಟ್ಟಿದ್ದು 1941ರಲ್ಲಿ. ಅಲ್ಲಿ ಬಿಳಿಯರಿಗೆ ಮನೆ ಕಟ್ಟಿ ಮಾರಲು ಹೊರಟ ಒಬ್ಬ ಬಿಲ್ಡರ್‌ಗೆ ಕೇಂದ್ರ ಸರ್ಕಾರದ ಗೃಹಸಾಲ ಇಲಾಖೆ ಸಾಲದ ಖಾತರಿ ಕೊಡಲು ಒಪ್ಪಲಿಲ್ಲ. ಕಾರಣ, ಪಕ್ಕದಲ್ಲೇ ಕಪ್ಪು ಜನರ ಮನೆಗಳಿದ್ದವು. ಅವನು ನಡುವೆ ಗೋಡೆ ಎಬ್ಬಿಸಿದ. ಖಾತರಿ ಸಿಕ್ಕಿತು.

ಆ ಗೋಡೆ ಇನ್ನೂ ಇದೆ. ಆಟದ ಮೈದಾನದ ಕಡೆ ಇರುವ ಭಾಗಕ್ಕೆ ಊರವರು ಸೇರಿ ಚಿತ್ರ ಬರೆದಿದ್ದಾರೆ, ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲು ಒಪ್ಪದ ರೋಸಾ ಪಾರ್ಕ್ಸ್ ಬಸ್ಸು ಹತ್ತುತ್ತಿರುವುದು, ಸಾಬೂನಿನ ಗುಳ್ಳೆ ಊದುವ ಮಕ್ಕಳು. ಮುಂದೆ ಹೋದರೆ ಬರೀ ಬೂದು ಕಾಂಕ್ರೀಟು. ನಾನು ಹೋದ ದಿನ ತುದಿಗಾಲಲ್ಲಿ ನಿಂತು ನೋಡಿದೆ, ಆಚೆ ಹಿತ್ತಲಿನ ಉಯ್ಯಾಲೆ ಕಂಡಿತು. ಹುಡುಗರು ಹತ್ತಿ ಆಚೆ ಹಾರಬಹುದು, ಅಷ್ಟೇ ಎತ್ತರ. ಅದು ಯಾರನ್ನೂ ತಡೆಯೋಕೆ ಕಟ್ಟಿದ್ದಲ್ಲ, ಸಾಲದ ಕಾಗದಕ್ಕೆ ಬೇಕಾಗಿತ್ತು. ಗೋಡೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದೆ.

ಈಗ ಗಲಭೆ ಶುರುವಾದ 12ನೇ ಬೀದಿಗೆ ಬನ್ನಿ. ಊರಿನ ನಡುವೆ ಕಪ್ಪು ಜನರ ಅಂಗಡಿ, ಚರ್ಚು, ಹಾಡಿನ ಕ್ಲಬ್ಬು ತುಂಬಿದ್ದ ಹೇಸ್ಟಿಂಗ್ಸ್ ಬೀದಿಯನ್ನು ಹೆದ್ದಾರಿಗಾಗಿ ಒಡೆದು ಹಾಕಿದರು. ಅಲ್ಲಿಂದ ಎದ್ದವರಲ್ಲಿ ಎಷ್ಟೋ ಜನ ಬಂದು ತುಂಬಿಕೊಂಡಿದ್ದು ಈ ಬೀದಿಯ ಸುತ್ತ. ಬೇರೆ ಕಡೆ ಮನೆ ಕೊಡುವವರಿಲ್ಲ. ಒಂದು ಚದರ ಮೈಲಿಗೆ 21,000ಕ್ಕೂ ಜಾಸ್ತಿ ಜನ, ಊರಿನ ಸರಾಸರಿಯ ಹೆಚ್ಚುಕಡಿಮೆ ಎರಡರಷ್ಟು. ಊರಲ್ಲಿ ಕಪ್ಪು ಜನ ನೂರಕ್ಕೆ ಸುಮಾರು 39, ಪೊಲೀಸರಲ್ಲಿ ನೂರಕ್ಕೆ 5.

ಜುಲೈ 23, ಭಾನುವಾರ ಬೆಳಗಿನ ಜಾವ. ಲೈಸೆನ್ಸ್ ಇಲ್ಲದೆ ರಾತ್ರಿಯಿಡೀ ನಡೆಯುವ ಒಂದು ಬಾರ್ ಮೇಲೆ ಪೊಲೀಸರು ದಾಳಿ ಮಾಡಿದರು. ಎರಡು ಡಜನ್ ಜನ ಇರಬಹುದು ಅಂದುಕೊಂಡು ಹೋದವರಿಗೆ ಸಿಕ್ಕಿದ್ದು 82 ಜನ. ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಹುಡುಗರಿಗೆ ಪಾರ್ಟಿ ನಡೀತಿತ್ತು. ಅವರನ್ನೆಲ್ಲ ಗಾಡಿಗೆ ತುಂಬಿ ಸಾಗಿಸೋಕೆ ಒಂದು ಗಂಟೆಗೂ ಜಾಸ್ತಿ ಹಿಡಿಯಿತು, ಅಷ್ಟರಲ್ಲಿ ಬೀದಿ ತುಂಬಾ ಜನ ಸೇರಿದ್ದರು. ಒಂದು ಬಾಟಲಿ ಬಂದು ಪೊಲೀಸ್ ಕಾರಿಗೆ ಬಿತ್ತು.

ಸೇನೆ ಹತೋಟಿಗೆ ತಂದಿತು ಅಂತ ಬರೆದಿದ್ದೀರಿ. ಯಾವ ಸೇನೆ? ಗವರ್ನರ್ ಜಾರ್ಜ್ ರಾಮ್ನಿ ಕರೆಸಿದ್ದು ನ್ಯಾಷನಲ್ ಗಾರ್ಡ್, ಅಂದರೆ ರಾಜ್ಯದ ಅರೆಕಾಲಿಕ ಪಡೆ, ಹೆಚ್ಚಾಗಿ ಅನುಭವ ಇಲ್ಲದ ಬಿಳಿ ಹುಡುಗರು. ಆಮೇಲೆ ಅಧ್ಯಕ್ಷ ಜಾನ್ಸನ್ ಕೇಂದ್ರ ಸೇನೆಯ ಪ್ಯಾರಾಟ್ರೂಪರ್‌ಗಳನ್ನು ಕಳಿಸಿದರು. ಪಳಗಿದ ಸೈನಿಕರು, ಅವರಲ್ಲಿ ಕಪ್ಪು ಯೋಧರೂ ಬೇಕಾದಷ್ಟಿದ್ದರು. ಊರಿನ ಪೂರ್ವ ಭಾಗ ಇವರಿಗೆ, ಪಶ್ಚಿಮ ಗಾರ್ಡ್‌ಗೆ. ಬಂದೂಕಿನಿಂದ ಗುಂಡು ತೆಗೆದಿಡಿ ಅಂತ ಎರಡೂ ಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ಥ್ರಾಕ್‌ಮಾರ್ಟನ್ ಆಜ್ಞೆ ಮಾಡಿದರು. ಪ್ಯಾರಾಟ್ರೂಪರ್‌ಗಳು ಪಾಲಿಸಿದರು, ಅಲ್ಲಿನ ಜನರ ಜೊತೆ ಮಾತಾಡಿದರು, ಜನ ಅವರಿಗೆ ಊಟ ತಂದುಕೊಟ್ಟರು. ಪ್ಯಾರಾಟ್ರೂಪರ್‌ಗಳು ಹಾರಿಸಿದ್ದು ಒಟ್ಟು 201 ಗುಂಡು, ಅದೂ ಬಹುಪಾಲು ಮೊದಲ ಕೆಲವು ಗಂಟೆಗಳಲ್ಲಿ. ಊರಲ್ಲೇ ಅತಿ ಶಾಂತವಾಗಿದ್ದ ಜಾಗ ಅದು. ಪಶ್ಚಿಮದಲ್ಲಿ ಗಾರ್ಡ್‌ನವರು ಬಹಳಷ್ಟು ಜನ ಆ ಆಜ್ಞೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಒಂದು ಮನೆಯ ಒಳಗೆ ಯಾರೋ ಸಿಗರೇಟು ಹೊತ್ತಿಸಿದರು. ಆ ಬೆಳಕನ್ನು ಬಂದೂಕಿನ ಕಿಡಿ ಅಂದುಕೊಂಡು ಟ್ಯಾಂಕಿನ ಮೆಷಿನ್ ಗನ್ ಹಾರಿಸಿದರು. ಒಳಗಿದ್ದ ನಾಲ್ಕು ವರ್ಷದ ಹೆಣ್ಣುಮಗು ಸತ್ತುಹೋಯಿತು. ಒಂದೇ ಊರು, ಒಂದೇ ವಾರ. 43 ಅನ್ನುವ ಸಂಖ್ಯೆಯೊಳಗೆ ಆ ಮಗು ಇದೆ, ಸಾರ್. ಸತ್ತವರಲ್ಲಿ 33 ಜನ ಕಪ್ಪು ಜನ, ಅರ್ಧಕ್ಕಿಂತ ಹೆಚ್ಚಿನವರು ಸತ್ತದ್ದು ಪೊಲೀಸರ ಮತ್ತು ಗಾರ್ಡ್‌ನವರ ಗುಂಡಿಗೆ.

ಗಲಭೆಯಲ್ಲಿ ಆದದ್ದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಲೂಟಿ ಆಯಿತು, ಕಪ್ಪು ಜನರದ್ದೇ ಎಷ್ಟೋ ಅಂಗಡಿ ಸುಟ್ಟವು, ಆ ಬೀದಿ ಆಮೇಲೆ ಮೇಲೇಳಲೇ ಇಲ್ಲ.

ಬೆಂಕಿ ಆರುವ ಹೊತ್ತಿಗೇ ಇಂಥ ಗಲಭೆಗಳ ಕಾರಣ ಹುಡುಕೋಕೆ ಜಾನ್ಸನ್ ಒಂದು ಆಯೋಗ ನೇಮಿಸಿದರು. ಇಲಿನಾಯ್ ಗವರ್ನರ್ ಆಟೊ ಕರ್ನರ್ ಅದರ ಅಧ್ಯಕ್ಷರು. ಕೆನೆತ್ ಕ್ಲಾರ್ಕ್ ಅನ್ನುವ ಕಪ್ಪು ಮನಃಶಾಸ್ತ್ರಜ್ಞ ಆಯೋಗದ ಮುಂದೆ ಬಂದು, 1919ರ ಶಿಕಾಗೊ ವರದಿ ಓದಿದ್ದೇನೆ, 1935ರ ಹಾರ್ಲೆಮ್ ವರದಿ, 1943ರದ್ದು, 1965ರ ವಾಟ್ಸ್ ವರದಿ, ಎಲ್ಲ ಒಂದೇ ಸಿನಿಮಾ ಮತ್ತೆ ಮತ್ತೆ ನೋಡಿದ ಹಾಗಿದೆ, ಅದೇ ಕಾರಣ, ಅದೇ ಶಿಫಾರಸು, ಆಮೇಲೆ ಏನೂ ಮಾಡದೆ ಕೂರೋದು ಅನ್ನುವ ಅರ್ಥದಲ್ಲಿ ಹೇಳಿದರು. 1968ರ ಫೆಬ್ರುವರಿ 29ಕ್ಕೆ ವರದಿ ಬಂತು. ಕಪ್ಪು ಜನರ ಕೇರಿಗಳನ್ನು ಹುಟ್ಟಿಸಿದ್ದೂ ಬಿಳಿಯರ ಸಂಸ್ಥೆಗಳೇ, ಉಳಿಸಿಕೊಂಡು ಬಂದಿದ್ದೂ ಅವೇ ಅಂತ ನೇರವಾಗಿ ಬರೆದಿದ್ದರು. ಕೆಲಸ ಕೊಡಿ, ಮನೆ ಕೊಡಿ, ಶಾಲೆ ಸರಿ ಮಾಡಿ ಅಂದಿದ್ದರು. ತಾನೇ ನೇಮಿಸಿದ ಆಯೋಗದ ವರದಿಯನ್ನು ಜಾನ್ಸನ್ ಮೂಲೆಗಿಟ್ಟರು. ಏಪ್ರಿಲ್ 4ಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಯಿತು, ನೂರಕ್ಕೂ ಹೆಚ್ಚು ಊರುಗಳು ಉರಿದವು. ಅದಾದ ಏಳು ದಿನಕ್ಕೆ ಮನೆ ಮಾರುವಾಗ, ಬಾಡಿಗೆ ಕೊಡುವಾಗ ಬಣ್ಣ ನೋಡಬಾರದು ಅನ್ನುವ ಕಾನೂನಿಗೆ ಸಹಿ ಬಿತ್ತು. ಇದೊಂದು ಆಯಿತು ಅನ್ನಬೇಕು. ಜೂನ್‌ನಲ್ಲಿ ಬಂದ ಇನ್ನೊಂದು ಕಾನೂನು ಊರೂರಿನ ಪೊಲೀಸರಿಗೆ ಕೇಂದ್ರದ ಹಣ ಹರಿಸೋಕೆ ಶುರುಮಾಡಿತು. ಶಾಲೆಗೆ, ಕೆಲಸಕ್ಕೆ ಅಂತ ಆಯೋಗ ಕೇಳಿದ್ದು ಹಾಗೇ ಉಳಿಯಿತು.

ನಿಮಗೇ ಈ ಪತ್ರ ಬರೆಯೋಕೆ ಇನ್ನೊಂದು ಕಾರಣ ಇದೆ. ಆ ವರದಿಯಲ್ಲಿ ಪತ್ರಿಕೆಗಳ ಮೇಲೆಯೇ ಒಂದು ಪೂರ್ತಿ ಅಧ್ಯಾಯ ಇದೆ. ಡೆಟ್ರಾಯಿಟ್‌ನಲ್ಲಿ 50 ಕೋಟಿ ಡಾಲರ್‌ವರೆಗೆ ನಷ್ಟ ಅಂತ ಮೊದಲು ಸುದ್ದಿ ಬಂದಿತ್ತು, ಕೊನೆಗೆ ಲೆಕ್ಕ ಹಾಕಿದರೆ 4ರಿಂದ 4.5 ಕೋಟಿ. ಬೆಂಕಿ ಬಿದ್ದಾಗ ಓಡಿ ಬರುವ ಪತ್ರಕರ್ತರು ಆ ಬೀದಿಗಳಲ್ಲಿ ಉಳಿದ ದಿನ ಬದುಕು ಹೇಗಿದೆ ಅಂತ ಬರೆಯಲೇ ಇಲ್ಲ ಅನ್ನುವುದು ಆಯೋಗದ ದೂರು. ಪತ್ರಿಕಾ ಕಚೇರಿಗಳಲ್ಲಿ ಬರೆಯುವ, ತಿದ್ದುವ ಕೆಲಸದಲ್ಲಿ ಕಪ್ಪು ಜನ ನೂರಕ್ಕೆ ಐದೂ ಇರಲಿಲ್ಲ.

ನಾವು ಇಲ್ಲಿನ ಕನ್ನಡದವರೂ ಇದರ ಬಗ್ಗೆ ಮಾತಾಡಬೇಕು. ನಾನು ಬಂದ ಹೊಸತರಲ್ಲಿ ಊರಿನ ಹಿರಿಯರೊಬ್ಬರು ಮೊದಲು ಹೇಳಿದ ಮಾತು, ‘ಏಯ್ಟ್ ಮೈಲ್ ದಾಟಬೇಡಪ್ಪ.’ ಏನು ಎತ್ತ ಕೇಳದೆ ನನ್ನ ತಮ್ಮ ಬಂದಾಗ ಅವನಿಗೂ ಅದನ್ನೇ ಹೇಳಿದೆ. ಈಗ ನೆನೆಸಿಕೊಂಡರೆ ಬೇಜಾರಾಗುತ್ತದೆ. ಬಣ್ಣ, ದೇಶ ನೋಡದೆ ನಮ್ಮಂಥವರನ್ನು ಒಳಗೆ ಬಿಟ್ಟ ವಲಸೆ ಕಾನೂನಿಗೆ ಸಹಿ ಬಿದ್ದದ್ದು 1965ರ ಅಕ್ಟೋಬರ್‌ನಲ್ಲಿ. ಕಪ್ಪು ಜನ ಲಾಠಿ, ನಾಯಿ, ಜೈಲು ಎದುರಿಸಿ ನಡೆಸಿದ ಹೋರಾಟ ಇಲ್ಲದಿದ್ದರೆ ಆ ಕಾನೂನು ಬರುತ್ತಿರಲಿಲ್ಲ, ಟ್ರಾಯ್‌ನಲ್ಲಿ ನನ್ನ ಮನೆಯೂ ಇರುತ್ತಿರಲಿಲ್ಲ.

12ನೇ ಬೀದಿಗೆ ಈಗ ರೋಸಾ ಪಾರ್ಕ್ಸ್ ಬುಲೆವಾರ್ಡ್ ಅಂತ ಹೆಸರು. ಊರಿನ ಕಪ್ಪು ಜನರಲ್ಲಿ ಅನೇಕರು 1967ರದ್ದನ್ನು ರಯಟ್ ಅನ್ನುವುದಿಲ್ಲ, ರೆಬೆಲಿಯನ್ ಅನ್ನುತ್ತಾರೆ. ಕನ್ನಡದಲ್ಲೂ ದೊಂಬಿ ಬೇರೆ, ದಂಗೆ ಬೇರೆ. ಯಾವ ಪದ ಹಾಕಬೇಕು ಅನ್ನೋದು ನಿಮಗೆ ಬಿಟ್ಟದ್ದು. ಆದರೆ ಮುಂದಿನ ಜುಲೈ 23ಕ್ಕೆ ಆ ಒಂದು ಸಾಲಿನ ಬದಲು ಅರ್ಧ ಪುಟ ಕೊಡಿ, ಗೋಡೆಯಿಂದ ಶುರುಮಾಡಿ. ಫೋಟೊ ಬೇಕಿದ್ದರೆ ನಾನೇ ಹೋಗಿ ತೆಗೆದು ಕಳಿಸುತ್ತೇನೆ, ಚಿತ್ರ ಬರೆದ ಕಡೆಯದ್ದೂ, ಬರೆಯದ ಕಡೆಯದ್ದೂ.

ಇಂತಿ ನಿಮ್ಮ ಓದುಗ,
ಟ್ರಾಯ್, ಮಿಷಿಗನ್