ಅಪ್ಪಯ್ಯನಿಗೊಂದು ಜರ್ಮನ್ ಪ್ರಸಂಗ

ಡುಸೆಲ್‌ಡಾರ್ಫ್, ಜರ್ಮನಿ

ತೀರ್ಥರೂಪ ಅಪ್ಪಯ್ಯನವರಿಗೆ ಮಗನ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮ. ಅಲ್ಲಿ ತಾವೂ ಅಮ್ಮನೂ ಕ್ಷೇಮವೆಂದು ನಂಬಿದ್ದೇನೆ.

ಕಳೆದ ಭಾನುವಾರ ಫೋನಿನಲ್ಲಿ ಮಾತನಾಡುವಾಗ ನನ್ನ ಕೋಣೆಯ ಸದ್ದನ್ನು ಕೇಳಿ ತಾವು "ಅದೆಂಥ ಬೊಬ್ಬೆ?" ಎಂದಿರಿ. ಆಗ ನಕ್ಕು ಸುಮ್ಮನಾದೆನಾದರೂ, ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳಿಗ್ಗೆ ಭಾಗವತರ ಪದ್ಯವನ್ನು ಗುನುಗುತ್ತ ಗದ್ದೆಗೆ ಇಳಿಯುತ್ತಿದ್ದ ತಾವು ಅದನ್ನು ಬೊಬ್ಬೆಯೆಂದೇ ತಿಳಿದುಕೊಂಡಿರುವುದು ನನಗೆ ಸರಿಬರಲಿಲ್ಲ.

ಅದು ಬ್ಲೈಂಡ್ ಗಾರ್ಡಿಯನ್ ಎಂಬ ತಂಡ 1998ರಲ್ಲಿ ಹೊರತಂದ 'ನೈಟ್‌ಫಾಲ್ ಇನ್ ಮಿಡಲ್ ಅರ್ಥ್' ಎಂಬ ಆಲ್ಬಂ. ತಂಡದವರ ಊರಾದ ಕ್ರೇಫೆಲ್ಡ್ ಇಲ್ಲಿಂದ ಟ್ರಾಮಿನಲ್ಲೇ ಹೋಗಿಬರುವಷ್ಟು ಹತ್ತಿರ. ರೇಷ್ಮೆ ನೇಯ್ಗೆಗೆ ಹೆಸರಾದ ಊರದು. ಸೀರೆ ಮಾತ್ರ ಸಿಗುವುದಿಲ್ಲವೆಂದು ಅಮ್ಮನಿಗೆ ತಿಳಿಸಿರಿ. ಇವರ ಸಂಗೀತಕ್ಕೆ ಪವರ್ ಮೆಟಲ್ ಎನ್ನುತ್ತಾರೆ, ಅಬ್ಬರದ ಗಿಟಾರು, ಡ್ರಮ್ಮುಗಳ ವೇಗದ ರಾಕ್ ಸಂಗೀತವದು; ಹಾಡುವುದು ಇಂಗ್ಲಿಷಿನಲ್ಲಿ.

ಕಥೆಯನ್ನು ಆರಿಸಿಕೊಂಡದ್ದು ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ 'ದಿ ಸಿಲ್ಮರಿಲಿಯನ್' ಕೃತಿಯಿಂದ. ಲೇಖಕರು ತೀರಿಕೊಂಡು ನಾಲ್ಕು ವರ್ಷಗಳಾದ ಮೇಲೆ, 1977ರಲ್ಲಿ, ಅವರ ಮಗ ಸಂಪಾದಿಸಿ ಪ್ರಕಟಿಸಿದ ಪುಸ್ತಕವದು. ಮಾರ್ಗಾತ್ ಎಂಬ ದುಷ್ಟನು ಅಪಹರಿಸಿದ ಮೂರು ರತ್ನಗಳನ್ನು ಮರಳಿ ಪಡೆದೇ ತೀರುವೆವೆಂದು ತಂದೆಯೂ ಅವನ ಏಳು ಮಂದಿ ಮಕ್ಕಳೂ ತೊಟ್ಟ ಶಪಥವು ಅವರನ್ನೂ ಅವರ ಬಂಧುಗಳನ್ನೂ ಬಲಿತೆಗೆದುಕೊಳ್ಳುತ್ತದೆ. ಸ್ಯಮಂತಕ ಮಣಿಯ ಕಥೆಯನ್ನು ಬಲ್ಲ ತಮಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಕಟ್ಟುವಿಕೆ. ಒಟ್ಟು 22 ಭಾಗಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಪೂರ್ಣ ಹಾಡುಗಳು. ಉಳಿದವು ಅವುಗಳ ನಡುವೆ ಬರುವ ಚಿಕ್ಕ ಸಂಭಾಷಣೆ, ಸದ್ದು, ಒಂದೆರಡು ಸಾಲಿನ ಗಾಯನ. ಭಾಗವತರ ಪದ್ಯವಾದ ಮೇಲೆ ವೇಷಧಾರಿಯ ಮಾತು, ಅಂದರೆ ಅರ್ಥ, ಅದಾದ ಮೇಲೆ ಮತ್ತೆ ಪದ್ಯ ಎಂಬ ಕ್ರಮವನ್ನು ಹುಟ್ಟಿದಾಗಿನಿಂದ ಕೇಳಿದ ನನಗೆ ಇದು ಹೊಸದೆನಿಸಲಿಲ್ಲ. ಆದರೆ ಪಕ್ಷಪಾತವಿಲ್ಲದೆ ಹೇಳುವುದಾದರೆ, ಇವರ ಮಾತುಗಾರಿಕೆ ನಮ್ಮ ಅರ್ಥಧಾರಿಗಳ ಮುಂದೆ ಬಹಳ ಸಪ್ಪೆ. ಪಾತ್ರವು ಮೊದಲು ರಂಗಕ್ಕೆ ಬರುವ ಒಡ್ಡೋಲಗವೂ ಇಲ್ಲ, ಪಾತ್ರವು ತಾನು ಯಾರೆಂದು ಹೇಳಿಕೊಳ್ಳುವುದೂ ಇಲ್ಲ. ಪುಸ್ತಕವನ್ನು ಓದದವನಿಗೆ ಯಾರು ಯಾರನ್ನು ಶಪಿಸುತ್ತಿದ್ದಾರೆಂದು ತಿಳಿಯುವುದು ಕಷ್ಟ.

ಗಾಯಕ ಹಾನ್ಸಿ ಕ್ಯುರ್ಶ್ ಹಿಂದಿನ ಆಲ್ಬಂಗಳಲ್ಲಿ ಬೇಸ್ ಗಿಟಾರನ್ನೂ ನುಡಿಸುತ್ತಿದ್ದರು. ಇದರಲ್ಲಿ ಅದನ್ನು ಓಲಿವರ್ ಹೋಲ್ಟ್ಸ್‌ವಾರ್ಟ್ ಎಂಬವರಿಗೆ ಒಪ್ಪಿಸಿ ಗಾಯನವೊಂದನ್ನೇ ಉಳಿಸಿಕೊಂಡರು. ಅವರ ಧ್ವನಿಯನ್ನೇ ಪದರ ಪದರವಾಗಿ ಜೋಡಿಸಿ, ಅದಕ್ಕೆ ಬೇರೆ ಗಾಯಕರ ಮೇಳವನ್ನೂ ಸೇರಿಸಿರುವುದರಿಂದ, ಒಬ್ಬನ ಶೋಕವು ಒಂದು ಸೈನ್ಯದ ಶೋಕವಾಗಿ ಕೇಳುತ್ತದೆ. ತಾವು ಬೊಬ್ಬೆ ಎಂದದ್ದು ಬಹುಶಃ ಇದನ್ನೇ.

13ನೆಯ ಭಾಗ 'ಟೈಮ್ ಸ್ಟ್ಯಾಂಡ್ಸ್ ಸ್ಟಿಲ್' ಎಂಬ ಹಾಡು. ಫಿಂಗಾಲ್ಫಿನ್ ಎಂಬ ರಾಜನು ತನ್ನವರೆಲ್ಲ ಸೋತರೆಂಬ ಹತಾಶೆಯಲ್ಲಿ ಒಬ್ಬನೇ ಕುದುರೆಯೇರಿ ಮಾರ್ಗಾತನ ಕೋಟೆಯ ಬಾಗಿಲಿಗೆ ಹೋಗಿ ಅವನನ್ನು ಯುದ್ಧಕ್ಕೆ ಕರೆಯುತ್ತಾನೆ. ಏಳು ಗಾಯಗಳನ್ನು ಮಾಡಿ, ಸಾಯುವ ಗಳಿಗೆಯಲ್ಲೂ ವೈರಿಯ ಕಾಲಿಗೆ ಕತ್ತಿ ಬೀಸಿ ಅವನನ್ನು ಶಾಶ್ವತವಾಗಿ ಕುಂಟನನ್ನಾಗಿಸುತ್ತಾನೆ. ಥೋಮೆನ್ ಸ್ಟೌಖ್ ಎರಡೂ ಕಾಲುಗಳಿಂದ ತುಳಿದು ನುಡಿಸುವ ಡ್ರಮ್ಮು ಇಲ್ಲಿ ಏರು ಪದ್ಯಕ್ಕೆ ಬೀಳುವ ಚೆಂಡೆಯಂತೆಯೇ ಎದೆಗೆ ಬಡಿಯುತ್ತದೆ. ಸೋಲು ಖಚಿತವೆಂದು ತಿಳಿದೂ ರಂಗಕ್ಕೆ ಬರುವ ವೇಷವನ್ನು ನೋಡಿದಾಗ ತಾವು ಕಂಬಳಿಯೊಳಗಿನಿಂದ ಎದ್ದು ಕೂರುತ್ತಿದ್ದುದು ನನಗೆ ನೆನಪಿದೆ.

ದೀಪಾವಳಿಗೆ ಊರಿಗೆ ಬರುವ ಭಾವನ ಕೈಯಲ್ಲಿ ಪೆನ್‌ಡ್ರೈವ್ ಕೊಟ್ಟು ಕಳುಹಿಸುತ್ತೇನೆ. ಮೊದಲು ಆ 13ನೆಯದನ್ನು ಮಾತ್ರ ಕೇಳಿರಿ, ಅಮ್ಮನ ಧಾರಾವಾಹಿಯ ಸಮಯವನ್ನು ತಪ್ಪಿಸಿ. ಆಮೇಲೂ ಬೊಬ್ಬೆಯೆಂದೇ ಅನ್ನಿಸಿದರೆ ಎಲ್ಲಿ ತಾಳ ತಪ್ಪಿದೆಯೆಂದು ಬರೆದು ತಿಳಿಸಿರಿ.

ಇತಿ ತಮ್ಮ ಮಗ